ತಿರಸ್ಕಾರದ ಪತ್ರವೇ ತೀರ್ಪಲ್ಲ

ಊರಿನಿಂದ ವಾಪಸ್ ಬಂದು ಬಾಗಿಲು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ನೆಂದ ಪ್ಲೈವುಡ್ಡಿನ ವಾಸನೆ. ಒಳಗೆ ಕಾಲಿಟ್ಟರೆ ಚಪ್ಪಲಿ ಪಚಪಚ ಎಂದಿತು. ಹಾಲ್‌ನ ಪಿಒಪಿ ಸೀಲಿಂಗ್ ಅರ್ಧ ಕುಸಿದು ನೆಲದ ಮೇಲೆ ಹಿಟ್ಟಿನ ಮುದ್ದೆಯಂತೆ ಬಿದ್ದಿತ್ತು. ಬಾಲ್ಕನಿಯ ಸ್ಲೈಡಿಂಗ್ ಗಾಜು ಪುಡಿಯಾಗಿತ್ತು. ಅದನ್ನು ಒಡೆದ ತಗಡಿನ ಹಾಳೆ ಸೋಫಾದ ಮೇಲೆ ನೆಂಟನ ಹಾಗೆ ಮಲಗಿತ್ತು. ಮಗಳು ಓಡಿಹೋಗಿ ತನ್ನ ಪುಸ್ತಕದ ಕಪಾಟು ತೆರೆದಳು. ಒಂದೊಂದು ಪುಸ್ತಕವೂ ನೆನೆದು ದಪ್ಪಗೆ ಊದಿಕೊಂಡಿತ್ತು.

ಚಾಕಣದ ಹೊರವಲಯದಲ್ಲಿರುವ ನಮ್ಮ ಕಟ್ಟಡದಲ್ಲಿ ನಮ್ಮದು ಮೇಲಿನ ಮಹಡಿ. ಸೋದರಳಿಯನ ಮದುವೆಗೆಂದು ಮುಧೋಳಕ್ಕೆ ಹೋಗಿ ಹನ್ನೆರಡು ದಿನ ಇದ್ದೆವು. ಆ ನಡುವೆ ಒಂದು ಮಂಗಳವಾರ ಸಂಜೆ ಬಿರುಗಾಳಿ ಬಂದಿದೆ. ಸೊಸೈಟಿಯವರು ನೀರಿನ ಟ್ಯಾಂಕಿನ ಮೇಲೆ ಹಾಕಿಸಿದ್ದ ತಗಡಿನ ಶೆಡ್ ಕಂಬ ಸಮೇತ ಕಿತ್ತುಹೋಗಿದೆ. ಕಂಬಗಳನ್ನು ಸ್ಲ್ಯಾಬಿಗೆ ಬಿಗಿದಿದ್ದ ಬೋಲ್ಟುಗಳು ಏಳುವಾಗ ವಾಟರ್‌ಪ್ರೂಫಿಂಗ್ ಪದರವನ್ನೂ ಎಬ್ಬಿಸಿಕೊಂಡು ಹೋಗಿವೆ. ಆ ತೂತುಗಳಿಂದ ಮಳೆನೀರು ನಮ್ಮ ಸೀಲಿಂಗಿಗೆ ಇಳಿದಿದೆ. ಕೆಳಗಿನ ಫ್ಲ್ಯಾಟ್ ಖಾಲಿ ಇದ್ದುದರಿಂದ ಯಾರಿಗೂ ಗೊತ್ತಾಗಿಲ್ಲ. ನಾವು ನೋಡಿದ್ದು ಐದು ದಿನಗಳ ನಂತರ, ಭಾನುವಾರ ರಾತ್ರಿ.

ಗೃಹಸಾಲದ ಜೊತೆಗೆ ಮನೆಗೆ ವಿಮೆ ಮಾಡಿಸಿದ್ದೆ. ಅದೇ ರಾತ್ರಿ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಂಡೆ. ಬುಧವಾರ ಸರ್ವೆಯರ್ ಬಂದರು, ಫೋಟೊ ತೆಗೆದರು, ಅರ್ಧ ತಾಸಿನಲ್ಲಿ ಹೋದರು. ಸೀಲಿಂಗ್, ವೈರಿಂಗ್, ಬಣ್ಣಕ್ಕೆ 86,000. ಕಿಟಕಿ ಮತ್ತು ಬಾಲ್ಕನಿ ಬಾಗಿಲಿಗೆ 34,000. ಮಂಚ, ಕಪಾಟು, ಸೋಫಾಕ್ಕೆ 92,000. ಟಿವಿ, ಇನ್ವರ್ಟರ್, ವಾಷಿಂಗ್ ಮಷೀನಿಗೆ 61,000. ಬಾಲ್ಕನಿಗೆ ನಾವೇ ಹಾಕಿಸಿದ್ದ ತಗಡಿನ ಮಾಡಿಗೆ 18,000. ಒಟ್ಟು 2,91,000 ರೂಪಾಯಿಯ ಲೆಕ್ಕ ಕೊಟ್ಟೆ.

ಜೂನ್ ತಿಂಗಳಲ್ಲಿ ಇಮೇಲ್ ಬಂತು. ಮೂರೇ ಸಾಲು. ಹಾನಿ ಆಗಿರುವುದು ಹಳೆಯ ಸೋರಿಕೆ ಮತ್ತು ನಿರ್ವಹಣೆಯ ಕೊರತೆಯಿಂದ. ಆ ದಿನ ಬಿರುಗಾಳಿ ಬೀಸಿತೆನ್ನಲು ಪುರಾವೆ ಇಲ್ಲ. ಹಾನಿಯನ್ನು ತಡವಾಗಿ ತಿಳಿಸಲಾಗಿದೆ. ಆದ್ದರಿಂದ ಕ್ಲೇಮು ತಿರಸ್ಕೃತ.

‘ಪರಊರಾಗ ಯಾಕ ಉಸಾಬರಿ?’

ಮನೆಯವಳು ಪತ್ರ ಓದಿ ಹೇಳಿದ್ದು ಇಷ್ಟೇ: “ಹೋದ್ರ ಹೋಗ್ಲಿ ಬಿಡ್ರಿ. ನಾವು ಮನ್ಯಾಗ ಇರಲಿಲ್ಲ, ಜೀವ ಉಳದಾವು, ಸಾಕು.” ಅದೇ ಕಟ್ಟಡದಲ್ಲಿರುವ, ಇಂಡಿ ಕಡೆಯ ಫಿಟರ್ ಗೆಳೆಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. “ಸಾಹೇಬ್ರ, ಪರಊರಾಗ ಯಾಕ ಉಸಾಬರಿ? ಇಲ್ಲಿ ಆಫೀಸು ನಮ್ಮವಲ್ಲ, ಭಾಷಾ ನಮ್ದಲ್ಲ. ರಜಾ ಹಾಕಿ ಅಡ್ಡಾಡೂದ್ರಾಗ ಅಷ್ಟೂ ರೊಕ್ಕ ಹೋಗ್ತಾವ.”

ಹೊರನಾಡಿನಲ್ಲಿ ದುಡಿಯುವ ನಮ್ಮಲ್ಲಿ ಬಹಳ ಜನರ ಮನಸ್ಸು ಇದೇ. ಊರಲ್ಲಿದ್ದರೆ ಗೌಡರನ್ನೋ ವಕೀಲರನ್ನೋ ಕೇಳುತ್ತೇವೆ, ಇಲ್ಲವೇ ಪರಿಚಯದವರೊಬ್ಬರನ್ನು ಕರೆದುಕೊಂಡು ಕಚೇರಿಗೆ ಹೋಗುತ್ತೇವೆ. ಇಲ್ಲಿ ಶಿಫ್ಟ್ ಮುಗಿಸಿ ಮನೆ ಸೇರಿದರೆ ಸಾಕಾಗಿರುತ್ತದೆ. ನಾನೂ ಎರಡು ದಿನ ಸುಮ್ಮನಿದ್ದೆ. ಆದರೆ ಪತ್ರದ ಎರಡನೇ ಸಾಲು ನಿದ್ದೆ ಕೆಡಿಸಿತು. ಬಿರುಗಾಳಿಗೆ ಪುರಾವೆ ಇಲ್ಲವಂತೆ! ಹಾಗಾದರೆ ಮೂರು ಮಹಡಿ ಎತ್ತರದ ಟೆರೇಸಿನಿಂದ ಆ ತಗಡು ನಡೆದುಕೊಂಡು ನನ್ನ ಸೋಫಾಕ್ಕೆ ಬಂದಿತೇ?

ಈ ಭಾಗಕ್ಕೆ ಗಾಳಿ ಹೊಸದಲ್ಲ. ಮುಂಗಾರಿಗೆ ಮೊದಲು ಗುಡುಗು, ಗಾಳಿಯ ಜೊತೆ ಧುತ್ತೆಂದು ಬಂದು ಹೋಗುವ ಮಳೆಗೆ ಇಲ್ಲಿನ ರೈತರು ‘ವಳೀವ’ ಎನ್ನುತ್ತಾರೆ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಅಲಿಬಾಗ್ ಬಳಿ ದಡಕ್ಕೆ ಅಪ್ಪಳಿಸಿ, ಸಹ್ಯಾದ್ರಿ ದಾಟಿ ಪುಣೆ ಜಿಲ್ಲೆಯ ಮೇಲೆ ಹಾದುಹೋಯಿತು. ಚಾಕಣ ಇರುವುದು ಖೇಡ್ ತಾಲ್ಲೂಕಿನಲ್ಲಿ. ಅದೇ ತಾಲ್ಲೂಕಿನ ವಹಾಗಾಂವದಲ್ಲಿ ಅಂದು ಮನೆಯ ಗೋಡೆ ಕುಸಿದು ವೃದ್ಧೆಯೊಬ್ಬರು ತೀರಿಕೊಂಡರು. ಸಮುದ್ರದಿಂದ ಇಷ್ಟು ದೂರ, ಘಟ್ಟದ ಮೇಲೆ ಕುಳಿತ ನಮಗೆ ಚಂಡಮಾರುತವೇನು ಮಾಡೀತು ಎಂದುಕೊಂಡಿದ್ದವರ ಭ್ರಮೆ ಆ ದಿನ ಹರಿಯಿತು. ನಾನು ವಿಮೆ ಮಾಡಿಸಿದ್ದೂ ಅದನ್ನು ಕಣ್ಣಾರೆ ಕಂಡ ಮೇಲೆ.

ರಿಜೆಕ್ಷನ್ ಟ್ಯಾಗ್ ಕಲಿಸಿದ ಪಾಠ

ನಾನು ವಾಹನ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಕ್ವಾಲಿಟಿ ವಿಭಾಗದವನು. ‘ರಿಜೆಕ್ಷನ್’ ಎಂಬ ಮಾತನ್ನು ದಿನಕ್ಕೆ ಇಪ್ಪತ್ತು ಸಲ ಕೇಳುತ್ತೇನೆ. ಗ್ರಾಹಕ ಕಂಪನಿ ನಮ್ಮ ಮಾಲನ್ನು ತಿರಸ್ಕರಿಸಿದರೆ ಅದಕ್ಕೆ ಕೆಂಪು ಟ್ಯಾಗ್ ಕಟ್ಟಬೇಕು. ಯಾವ ಭಾಗ, ಡ್ರಾಯಿಂಗ್‌ನಲ್ಲಿ ಇರಬೇಕಾದ ಅಳತೆ ಎಷ್ಟು, ಅಳೆದಾಗ ಬಂದದ್ದೆಷ್ಟು, ಅಳೆದವರು ಯಾರು ಎಂಬುದೆಲ್ಲ ಆ ಟ್ಯಾಗ್ ಮೇಲೆ ಇರಲೇಬೇಕು. ‘ಮಾಲು ಸರಿಯಿಲ್ಲ’ ಎಂದು ಬರೆದು ಕಳಿಸಿದರೆ ನಾವು ಒಪ್ಪುವುದಿಲ್ಲ. ಯಾವ ಅಳತೆ ತಪ್ಪಿದೆ ತೋರಿಸಿ ಎನ್ನುತ್ತೇವೆ.

ಮೂರನೇ ದಿನ ರಾತ್ರಿ ವಿಮಾ ಕಂಪನಿಯ ಪತ್ರವನ್ನು ಅದೇ ಕಣ್ಣಿನಿಂದ ಓದಿದೆ. ಪಾಲಿಸಿಯ ಯಾವ ಷರತ್ತಿನ ಅಡಿ ತಿರಸ್ಕರಿಸಿದ್ದಾರೆ ಎಂಬುದೇ ಅದರಲ್ಲಿ ಇರಲಿಲ್ಲ. ಆಗ ಹೊಳೆಯಿತು: ಇದು ತೀರ್ಪಲ್ಲ, ಹಣ ಕೊಡಬೇಕಾದವರ ಅಭಿಪ್ರಾಯ. ಅಭಿಪ್ರಾಯಕ್ಕೆ ಉತ್ತರ ಕೊಡಬಹುದು.

ಉತ್ತರ ಕೊಡಲು ಮೊದಲು ಪಾಲಿಸಿ ಬೇಕಲ್ಲ? ನನ್ನ ಬಳಿ ಇದ್ದದ್ದು ಒಂದೇ ಪುಟದ ಪ್ರಮಾಣಪತ್ರ. ಪೂರ್ತಿ ಷರತ್ತುಗಳನ್ನು ಕಂಪನಿಯಿಂದ ಲಿಖಿತವಾಗಿ ಕೇಳಿ ತರಿಸಿಕೊಂಡೆ. ಗೃಹಸಾಲದ ಜೊತೆ ವಿಮೆ ಪಡೆದವರು ಈ ಕೆಲಸವನ್ನು ಇವತ್ತೇ ಮಾಡಿ. ನನಗೆ ಬುದ್ಧಿ ಹೇಳಿದ ಇಂಡಿಯ ಗೆಳೆಯನ ಕಿಟಕಿಯೂ ಅದೇ ಗಾಳಿಗೆ ಒಡೆದಿತ್ತು. ಅವನ ಕಾಗದ ತೆಗೆದು ನೋಡಿದರೆ ಅದು ಮನೆಯ ವಿಮೆಯೇ ಅಲ್ಲ, ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವವಿಮೆ! ಐದು ವರ್ಷ ‘ಮನೆಗೆ ಇನ್ಶೂರೆನ್ಸ್ ಐತಿ’ ಎಂದು ನಂಬಿಕೊಂಡಿದ್ದ.

ನನ್ನದು ‘ಭಾರತ ಗೃಹ ರಕ್ಷಾ’ ಪಾಲಿಸಿ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಮನೆಗಳಿಗಾಗಿ ರೂಪಿಸಿದ ಏಕರೂಪದ ಪಾಲಿಸಿ ಇದು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಂಪನಿ ಯಾವುದೇ ಇರಲಿ, ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಭೂಕಂಪ, ಭೂಕುಸಿತದ ಜೊತೆಗೆ ಬಿರುಗಾಳಿ, ಚಂಡಮಾರುತ, ಪ್ರವಾಹಗಳ ಹೆಸರು ಅದರಲ್ಲಿ ಸ್ಪಷ್ಟವಾಗಿ ಇದೆ. ಗಾಳಿಯ ವೇಗ ಇಷ್ಟೇ ಇರಬೇಕು ಎಂಬ ಮಿತಿಯನ್ನು ನನ್ನ ಪಾಲಿಸಿಯ ಪುಟಗಳಲ್ಲಿ ಹುಡುಕಿದೆ, ಎಲ್ಲೂ ಸಿಗಲಿಲ್ಲ.

ಕಟ್ಟಡಕ್ಕೆ ವಿಮೆ ಮಾಡಿಸಿದರೆ ಒಳಗಿನ ಸಾಮಾನುಗಳಿಗೂ ಕಟ್ಟಡದ ವಿಮಾ ಮೊತ್ತದ 20 ಶೇಕಡಾವರೆಗೆ, ಗರಿಷ್ಠ 10 ಲಕ್ಷ ರೂಪಾಯಿವರೆಗೆ ತಾನಾಗಿಯೇ ರಕ್ಷಣೆ ಇರುತ್ತದೆ. ಕಟ್ಟಡದ ಮೊತ್ತವನ್ನು ಲೆಕ್ಕ ಹಾಕುವುದು ಮಾರುಕಟ್ಟೆ ಬೆಲೆಯಿಂದಲ್ಲ, ಕಾರ್ಪೆಟ್ ಏರಿಯಾವನ್ನು ನಿರ್ಮಾಣ ವೆಚ್ಚದಿಂದ ಗುಣಿಸಿ. ನಮ್ಮ 620 ಚದರಡಿಗೆ ಅಡಿಗೆ 2,200ರಂತೆ 13,64,000 ಆಗಿತ್ತು. ಅದರ ಐದನೇ ಒಂದು ಪಾಲು, 2,72,800, ಸಾಮಾನುಗಳಿಗೆ. ಮಂಚ, ಟಿವಿ ಎಲ್ಲ ಅದರೊಳಗೆ ಬರುತ್ತವೆ ಎಂಬುದು ನನಗೂ ಅಂದೇ ಗೊತ್ತಾದದ್ದು.

‘ತಡವಾಗಿ ತಿಳಿಸಿದ್ದೀರಿ’ ಎಂಬ ಕಾರಣಕ್ಕೂ ಪಾಲಿಸಿಯಲ್ಲೇ ಉತ್ತರವಿತ್ತು. ಹಾನಿಯನ್ನು ಮೊದಲ ಸಲ ಗಮನಿಸಿದ ದಿನದಿಂದ 30 ದಿನಗಳ ಒಳಗೆ ಕ್ಲೇಮು ಅರ್ಜಿ ಕೊಡಬೇಕು. ಗಾಳಿ ಬೀಸಿದ ದಿನದಿಂದಲ್ಲ, ನಾವು ನೋಡಿದ ದಿನದಿಂದ. ನಾನು ನೋಡಿದ ರಾತ್ರಿಯೇ ಫೋನ್ ಮಾಡಿದ್ದೆ. ಬಸ್ ಟಿಕೆಟ್ಟು ಮತ್ತು ಕರೆಯ ದಾಖಲೆ ಎರಡೂ ಇದ್ದವು. ಅಲ್ಲದೆ, ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮುಗಳನ್ನು ಯಾಂತ್ರಿಕವಾಗಿ ತಳ್ಳಿಹಾಕಬಾರದು ಎಂದು ಐಆರ್‌ಡಿಎಐ 2011ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲೇ ಕಂಪನಿಗಳಿಗೆ ಹೇಳಿದೆ. 2017ರಲ್ಲಿ ಓಂ ಪ್ರಕಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ.

ಸರ್ವೆಯರ್ ಬರೆದದ್ದು ಬೇರೆ

ಉಳಿದದ್ದು ಎರಡು ಕಾರಣ: ಗಾಳಿಗೆ ಪುರಾವೆ ಇಲ್ಲ, ಸೋರಿಕೆ ಹಳೆಯದು.

ಪುರಾವೆ ಹುಡುಕಲು ಮೊದಲು ಹೋದದ್ದು ಸೊಸೈಟಿಯ ಸಿಸಿಟಿವಿ ಬಳಿಗೆ. ನಮ್ಮಲ್ಲಿ ಹದಿನೈದು ದಿನಗಳ ಚಿತ್ರ ಮಾತ್ರ ಉಳಿಯುತ್ತದೆ. ಅದೃಷ್ಟಕ್ಕೆ, ವಾಚ್‌ಮನ್ ತನ್ನ ಮೊಬೈಲಿನಲ್ಲಿ ಆ ದೃಶ್ಯ ಹಿಡಿದಿಟ್ಟಿದ್ದ. ಸಂಜೆ ಐದೂ ಮುಕ್ಕಾಲಿಗೆ ತಗಡುಗಳು ಇಸ್ಪೀಟಿನ ಎಲೆಗಳಂತೆ ಹಾರುವುದು ಅದರಲ್ಲಿತ್ತು. ಮಹಾವಿತರಣದ ಕಂಬ ಬಿದ್ದು ನಮ್ಮ ಬಡಾವಣೆಯಲ್ಲಿ ರಾತ್ರಿಯಿಡೀ ಕರೆಂಟ್ ಇರಲಿಲ್ಲ, ಅದರ ದೂರಿನ ನಂಬರ್ ಸೊಸೈಟಿಯ ವಹಿಯಲ್ಲಿ ಸಿಕ್ಕಿತು. ಮರುದಿನದ ಮರಾಠಿ ಪತ್ರಿಕೆಯಲ್ಲಿ ಚಾಕಣದ ಗಾಳಿಮಳೆಯ ಸುದ್ದಿ ಇತ್ತು. ತಲಾಟಿ ಆಸುಪಾಸಿನ ಮನೆಗಳ ಹಾನಿಯ ಪಂಚನಾಮೆ ಮಾಡಿದ್ದರು, ಅರ್ಜಿ ಕೊಟ್ಟು ಪ್ರತಿ ಪಡೆದೆ. ತಲಾಟಿ ಎಂಬ ಹೆಸರು ನಮ್ಮ ಕಡೆಯವರಿಗೆ ಹೊಸದೇನಲ್ಲ.

ಹವಾಮಾನದ ಅಧಿಕೃತ ದಾಖಲೆಗೂ ದಾರಿ ಇದೆ. ಭಾರತೀಯ ಹವಾಮಾನ ಇಲಾಖೆಯ ರಾಷ್ಟ್ರೀಯ ದತ್ತಾಂಶ ಕೇಂದ್ರ ಇರುವುದು ಪುಣೆಯ ಶಿವಾಜಿನಗರದಲ್ಲೇ. ಒಂದು ಕಾಲದಲ್ಲಿ ಇಲಾಖೆಯ ಕಚೇರಿ ಶಿಮ್ಲಾದಿಂದ ಇಲ್ಲಿಗೆ ಬಂದ ನೆನಪಿಗೆ ಜನ ಈಗಲೂ ಆ ಜಾಗವನ್ನು ‘ಸಿಮ್ಲಾ ಆಫೀಸ್’ ಎನ್ನುತ್ತಾರೆ. ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ನಿಲ್ದಾಣವಾರು ಅಂಕಿಅಂಶ ಸಿಗುತ್ತದೆ. ಆದರೆ ಒಂದು ಎಚ್ಚರ. ಇಂಥ ಗುಡುಗು ಗಾಳಿ ಬಹಳ ಸ್ಥಳೀಯ. ಲೋಹಗಾಂವ್ ವಿಮಾನ ನಿಲ್ದಾಣದಲ್ಲಿ ಎಲೆ ಅಲುಗದ ಹೊತ್ತಿನಲ್ಲಿ ಚಾಕಣದಲ್ಲಿ ಮರ ಉರುಳಬಹುದು. ಹಾಗಾಗಿ ದೂರದ ಗಾಳಿಮಾಪಕದ ಅಂಕಿಗಿಂತ ಬಿದ್ದ ಕಂಬ, ನೆರೆಮನೆಯ ಹಾನಿ, ಪಂಚನಾಮೆ ಹೆಚ್ಚು ಬಲವಾಗಿ ಮಾತಾಡುತ್ತವೆ.

ನಿಜವಾದ ತಿರುವು ಸಿಕ್ಕಿದ್ದು ಸರ್ವೆ ವರದಿಯಲ್ಲಿ. ಅದರ ಪ್ರತಿಯನ್ನು ಕೇಳಿ ಎರಡು ಇಮೇಲ್ ಬರೆಯಬೇಕಾಯಿತು. ಬಂದ ಮೇಲೆ ಓದಿ ನಾನೇ ಬೆರಗಾದೆ. ಟೆರೇಸಿನಲ್ಲಿ ಶೆಡ್‌ನ ಕಂಬ ಕಿತ್ತ ಹೊಸ ಗುರುತುಗಳಿವೆ, ಬಾಲ್ಕನಿಯ ಗಾಜು ಹೊರಗಿನ ಪೆಟ್ಟಿಗೆ ಒಡೆದಿದೆ, ತಗಡಿನ ಹಾಳೆ ಹಾಲ್‌ನಲ್ಲಿ ಬಿದ್ದಿದೆ ಎಂದು ಸರ್ವೆಯರ್ ಬರೆದಿದ್ದರು. ಕೊನೆಯಲ್ಲಿ ಒಂದು ವಾಕ್ಯ: ಗೋಡೆಯ ಮೇಲೆ ಹಳೆಯ ತೇವದ ಕಲೆಗಳು ಕಂಡುಬಂದಿವೆ. ಆ ಕಲೆಗಳಿದ್ದದ್ದು ಬಚ್ಚಲುಮನೆಯ ಹಿಂಗೋಡೆಯಲ್ಲಿ. ಅದಕ್ಕೂ ಹಾಲ್‌ನ ಸೀಲಿಂಗಿಗೂ ಸಂಬಂಧವಿಲ್ಲ, ನಡುವೆ ಒಂದು ಕೋಣೆಯೇ ಇದೆ. ಕಂಪನಿ ಮೂರು ಪುಟ ಬಿಟ್ಟು ಆ ಒಂದು ವಾಕ್ಯವನ್ನು ಹಿಡಿದುಕೊಂಡಿತ್ತು.

ಕಾರ್ಖಾನೆಯಲ್ಲಿ ಮಾಡುವಂತೆ ‘ಯಾಕೆ’ ಎಂದು ಒಂದರ ಹಿಂದೆ ಒಂದು ಕೇಳುತ್ತಾ ಹೋದೆ. ಸೀಲಿಂಗ್ ಯಾಕೆ ಬಿತ್ತು? ನೀರು ಇಳಿದದ್ದಕ್ಕೆ. ನೀರು ಯಾಕೆ ಇಳಿಯಿತು? ಸ್ಲ್ಯಾಬಿನಲ್ಲಿ ತೂತಾದದ್ದಕ್ಕೆ. ತೂತು ಯಾಕೆ ಆಯಿತು? ಬೋಲ್ಟುಗಳು ಕಿತ್ತದ್ದಕ್ಕೆ. ಬೋಲ್ಟು ಯಾಕೆ ಕಿತ್ತವು? ಶೆಡ್ ಹಾರಿದ್ದಕ್ಕೆ. ಶೆಡ್ ಹಾರಿದ್ದು ಗಾಳಿಗೆ. ಒಂದೊಂದು ಉತ್ತರದ ಪಕ್ಕದಲ್ಲಿ ಒಂದೊಂದು ಫೋಟೊ. ಜೊತೆಗೆ, ಹಿಂದಿನ ಮಳೆಗಾಲದಲ್ಲಿ ಇದೇ ಹಾಲ್‌ನಲ್ಲಿ ಮಗಳ ಹುಟ್ಟುಹಬ್ಬ ಮಾಡಿದಾಗಿನ ಚಿತ್ರಗಳು. ಬಲೂನುಗಳ ಹಿಂದೆ ಸೀಲಿಂಗ್ ಒಣಗಿ ಬೆಳ್ಳಗಿದೆ. ಆ ಫೋಟೊ ತೆಗೆದಾಗ ಅದೊಂದು ದಿನ ಸಾಕ್ಷಿ ಹೇಳೀತು ಎಂದು ಯಾರು ಎಣಿಸಿದ್ದರು?

ಸರ್ವೆ ವರದಿ ಮುಖ್ಯ ದಾಖಲೆ ಹೌದು, ಆದರೆ ಅದೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಹಾನಿಯು ಪಾಲಿಸಿಯಿಂದ ಹೊರಗಿಟ್ಟ ಕಾರಣದಿಂದಲೇ ಆಗಿದೆ ಎಂದು ತೋರಿಸುವ ಹೊರೆ ಕಂಪನಿಯ ಮೇಲಿದೆ. ಇನ್ನೊಂದು ವಿಷಯವನ್ನೂ ನೆನಪಿಡಿ: ಪಾಲಿಸಿದಾರನಿಗೆ ಕೊಟ್ಟೇ ಇರದ, ತಿಳಿಸಿಯೇ ಇರದ ಹೊರಗಿಡುವ ಷರತ್ತಿಗೆ ಅವನನ್ನು ಕಟ್ಟಿಹಾಕಲಾಗದು ಎಂದು 2019ರ ಭಾರತ್ ವಾಚ್ ಕಂಪನಿ ಪ್ರಕರಣದಲ್ಲಿ ಕೋರ್ಟ್ ತೀರ್ಪು ಕೊಟ್ಟಿದೆ.

ಮೆಟ್ಟಿಲುಗಳು

ಮೊದಲ ಮೆಟ್ಟಿಲು ಕಂಪನಿಯದೇ ಕುಂದುಕೊರತೆ ಅಧಿಕಾರಿ. ನಾಲ್ಕು ಪುಟದ ಮನವಿ ಕಳಿಸಿದೆ. ತಿರಸ್ಕಾರದ ಮೂರು ಕಾರಣಗಳು ಎಡಕ್ಕೆ, ಉತ್ತರ ಮತ್ತು ದಾಖಲೆಯ ಸಂಖ್ಯೆ ಬಲಕ್ಕೆ. ಬೈಗುಳವಿಲ್ಲ, ಕಷ್ಟಸುಖದ ಕತೆಯಿಲ್ಲ. 14 ದಿನಗಳಲ್ಲಿ ಉತ್ತರ ಬರಬೇಕು. ಬಂತು, ‘ನಮ್ಮ ನಿಲುವಿನಲ್ಲಿ ಬದಲಾವಣೆಯಿಲ್ಲ’ ಎಂದು. ಐಆರ್‌ಡಿಎಐನ ‘ಬಿಮಾ ಭರೋಸಾ’ ತಾಣದಲ್ಲೂ ದೂರು ದಾಖಲಿಸಿದೆ. 155255ಕ್ಕೆ ಫೋನ್ ಮಾಡಿಯೂ ದಾಖಲಿಸಬಹುದು. ಪ್ರಾಧಿಕಾರ ತಾನೇ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೊಡಿಸುತ್ತದೆ. ಅಲ್ಲೂ ಅದೇ ಉತ್ತರ.

ಎರಡನೇ ಮೆಟ್ಟಿಲು ವಿಮಾ ಒಂಬುಡ್ಸ್‌ಮನ್. ಹೊರನಾಡಿಗರು ಚೆನ್ನಾಗಿ ತಿಳಿದಿರಬೇಕಾದ ಬಾಗಿಲು ಇದು. ಶುಲ್ಕವಿಲ್ಲ. ವಕೀಲರಿಗೆ ಪ್ರವೇಶವಿಲ್ಲ, ಹಾಗಾಗಿ ಎದುರು ಪಕ್ಷದವರೂ ಕರಿಕೋಟು ಕರೆತರುವಂತಿಲ್ಲ. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ತೆಗೆದುಕೊಳ್ಳುತ್ತಾರೆ. ಮೊದಲು ಕಂಪನಿಗೆ ಮನವಿ ಕೊಟ್ಟಿರಬೇಕು. ಅದು ನಿರಾಕರಿಸಿರಬೇಕು, ಇಲ್ಲವೇ ಒಂದು ತಿಂಗಳು ಉತ್ತರಿಸದೆ ಇರಬೇಕು. ನಿರಾಕರಣೆ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು. ಅದೇ ವಿಷಯ ಗ್ರಾಹಕ ಆಯೋಗದಲ್ಲೋ ಕೋರ್ಟಿನಲ್ಲೋ ಇದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ. ಆನ್‌ಲೈನ್‌ನಲ್ಲೇ ದೂರು ಸಲ್ಲಿಸಬಹುದು. ಪುಣೆಯಲ್ಲಿ ಒಂಬುಡ್ಸ್‌ಮನ್ ಕಚೇರಿ ಇದೆ. ಬೆಂಗಳೂರಿನಲ್ಲೂ ಇದೆ.

ವಿಚಾರಣೆ ವಿಡಿಯೊ ಮೂಲಕ ನಡೆಯಿತು. ಕಾರ್ಖಾನೆಯ ತರಬೇತಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತೆ. ಹಿಂದಿಯಲ್ಲಿ ಹೇಳಿದೆ, ತಡವರಿಸಿದಾಗ ಫೋಟೊ ತೋರಿಸಿದೆ. ಕಂಪನಿಯ ಪ್ರತಿನಿಧಿ ಸೋರಿಕೆಯ ಮಾತು ಬಿಟ್ಟು ಹೊಸದೊಂದನ್ನು ತೆಗೆದರು: ಮನೆ ಬೀಗ ಹಾಕಿತ್ತಲ್ಲ? ನನ್ನ ಎದೆ ಧಸಕ್ಕೆಂದಿತು. ಆದರೆ ಅದಕ್ಕೆ ತಯಾರಿ ಇತ್ತು. ತಿರಸ್ಕಾರದ ಪತ್ರದಲ್ಲಿ ಹೇಳದ ಕಾರಣವನ್ನು ಆಮೇಲೆ ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಹೇಳಿದೆ. ಮೇಲಾಗಿ ಹನ್ನೆರಡು ದಿನ ಊರಿಗೆ ಹೋದರೆ ಮನೆ ಪಾಳು ಬಿದ್ದಂತಾಗುವುದಿಲ್ಲ ಎಂದೆ.

ಒಂಬುಡ್ಸ್‌ಮನ್ ಎರಡೂ ಕಡೆಯವರ ಒಪ್ಪಿಗೆಯಿಂದ ರಾಜಿ ಮಾಡಿಸಬಹುದು. ಆಗದಿದ್ದರೆ ಆದೇಶ ಕೊಡುತ್ತಾರೆ. ಆದೇಶ ಕಂಪನಿಯನ್ನು ಕಟ್ಟುತ್ತದೆ, 30 ದಿನಗಳಲ್ಲಿ ಪಾಲಿಸಬೇಕು. ನನ್ನದು ರಾಜಿಯಲ್ಲಿ ಮುಗಿಯಿತು. ಬಾಲ್ಕನಿಯ ತಗಡಿನ ಮಾಡಿನ 18,000 ಹೋಯಿತು. ಅದು ಕಟ್ಟಡದ ನಕ್ಷೆಯಲ್ಲೂ ಇರಲಿಲ್ಲ, ಪಾಲಿಸಿ ಮಾಡಿಸುವಾಗ ನಾನು ಹೇಳಿಯೂ ಇರಲಿಲ್ಲ. ತಪ್ಪು ನನ್ನದೇ. ಹಳೆಯ ಸಾಮಾನುಗಳಿಗೆ 49,000 ಕಡಿತವಾಯಿತು. 2,24,000 ರೂಪಾಯಿ ಕೊಡಲು ಒಪ್ಪಿದರು. ಸೊನ್ನೆಯಿಂದ ಅಲ್ಲಿಗೆ ಬರಲು ಹಿಡಿದದ್ದು ಏಳು ತಿಂಗಳು, ಒಂದು ದಿನದ ರಜೆ, ಜೆರಾಕ್ಸು ಮತ್ತು ಅಂಚೆ ಖರ್ಚು.

ಇದರಿಂದ ಎಲ್ಲ ನಿರಾಕರಣೆಯೂ ಅನ್ಯಾಯ ಎಂದುಕೊಳ್ಳಬೇಡಿ. ವರ್ಷಗಟ್ಟಲೆ ಜಿನುಗಿದ ಗೋಡೆಗೆ, ಗೆದ್ದಲು ತಿಂದ ಬಾಗಿಲಿಗೆ ವಿಮೆ ಇಲ್ಲ. ಟೆರೇಸು, ಹೊರಗೋಡೆ ಸೊಸೈಟಿಯವು, ಅವುಗಳ ರಿಪೇರಿ ಸೊಸೈಟಿಯ ಪಾಲಿಸಿಯಿಂದ ಆಗಬೇಕು. ಸಾಲ ಬಾಕಿ ಇದ್ದರೆ ಹಣ ಮೊದಲು ಬ್ಯಾಂಕಿಗೆ ಹೋಗಬಹುದು. ಸಲ್ಲದ್ದನ್ನು ಕೇಳದಿದ್ದರೆ ಸಲ್ಲುವುದನ್ನು ಕೇಳುವಾಗ ದನಿ ಗಟ್ಟಿಯಾಗಿರುತ್ತದೆ.

ಊರಿನ ಮನೆ, ಇಲ್ಲಿನ ದೂರು

ನಮ್ಮಲ್ಲಿ ಬಹಳ ಜನರಿಗೆ ಎರಡು ಮನೆ. ಒಂದು ಇಲ್ಲಿ ಸಾಲದ್ದು, ಇನ್ನೊಂದು ಊರಲ್ಲಿ ಅಪ್ಪನ ಕಾಲದ್ದು. 2019ರ ಆಗಸ್ಟ್ ನೆರೆಯಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಬಿದ್ದ ಮನೆಗಳನ್ನು ನೆನೆದರೆ, ಊರಿನ ಮನೆಗೂ ವಿಮೆ ಬೇಕೆನಿಸುವುದು ಸಹಜ. ಅದಕ್ಕೆ ತೊಂದರೆ ಬಂದರೆ ಊರಿಗೇ ಹೋಗಿ ಹೋರಾಡಬೇಕೇ? ಬೇಡ. ಕಂಪನಿಯ ಶಾಖೆ ಇರುವ ಜಾಗದ ಒಂಬುಡ್ಸ್‌ಮನ್ ಬಳಿ ಹೋಗಬಹುದು, ದೂರುದಾರ ವಾಸಿಸುವ ಜಾಗದ ಒಂಬುಡ್ಸ್‌ಮನ್ ಬಳಿಯೂ ಹೋಗಬಹುದು. ಗ್ರಾಹಕ ಕಾನೂನೂ ಬದಲಾಗಿದೆ. 1986ರ ಕಾಯ್ದೆಯಲ್ಲಿ ಎದುರು ಪಕ್ಷ ಇರುವಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ದೂರು ಕೊಡಬೇಕಿತ್ತು. 2019ರ ಕಾಯ್ದೆಯ 34ನೇ ಕಲಮಿನಂತೆ ದೂರುದಾರ ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ಕೊಡಬಹುದು. ಮುಧೋಳದ ಮನೆಯ ದೂರನ್ನು ಪುಣೆಯಲ್ಲಿ ನಡೆಸಬಹುದು.

ಅವಧಿ ಎರಡು ವರ್ಷ. ಆಯೋಗದ ಶುಲ್ಕ ನಿರ್ಧಾರವಾಗುವುದು ನೀವು ಕಟ್ಟಿದ ಪ್ರೀಮಿಯಂ ಮೇಲೆ, ಕೇಳುವ ಪರಿಹಾರದ ಮೇಲೆ ಅಲ್ಲ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಮನೆವಿಮೆಯ ಪ್ರೀಮಿಯಂ ಅಷ್ಟಾಗುವುದಿಲ್ಲವಾದ್ದರಿಂದ ಸಾಮಾನ್ಯ ಮನೆಯೊಡೆಯನಿಗೆ ಅದು ಉಚಿತವೇ. ಒಂಬುಡ್ಸ್‌ಮನ್ ಆದೇಶ ಒಪ್ಪಿಗೆಯಾಗದಿದ್ದರೂ ಈ ಬಾಗಿಲು ತೆರೆದಿರುತ್ತದೆ.

ಬೀಗ ಹಾಕಿದ ಮನೆಗೆ ಮಾತ್ರ ಒಂದು ಎಚ್ಚರಿಕೆ. ಹಳೆಯ ಮಾದರಿಯ ಅಗ್ನಿವಿಮೆ ಪಾಲಿಸಿಗಳಲ್ಲಿ, ಕಂಪನಿಯ ಒಪ್ಪಿಗೆ ಪಡೆಯದೆ ಕಟ್ಟಡ 30 ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ರಕ್ಷಣೆ ನಿಲ್ಲುತ್ತದೆ ಎಂಬ ಷರತ್ತಿದೆ. ಅಪ್ಪ-ಅಮ್ಮ ನಮ್ಮ ಜೊತೆ ಇರಲು ಬಂದು ಊರಿನ ಮನೆಗೆ ಬೀಗ ಬಿದ್ದಿದ್ದರೆ ನಿಮ್ಮ ಪಾಲಿಸಿಯನ್ನು ಒಮ್ಮೆ ಓದಿ, ಕಂಪನಿಗೆ ಲಿಖಿತವಾಗಿ ತಿಳಿಸಿ ಒಪ್ಪಿಗೆ ಪಡೆಯಿರಿ.

‘ದೊಡ್ಡ ಕಂಪನಿಗಳ ಮುಂದೆ ನಾವೆಷ್ಟರವರು’ ಎನ್ನುವವರಿಗೆ ನಮ್ಮ ನಾಡಿನದೇ ಒಂದು ಪ್ರಕರಣವಿದೆ. ಬ್ಯಾಡಗಿ ಮೆಣಸಿನಕಾಯಿ ಬೆಳೆದ ರೈತರು ಶೀತಲಗೃಹದಲ್ಲಿ ಮಾಲು ಇಟ್ಟು ಬ್ಯಾಂಕಿನಿಂದ ಸಾಲ ಪಡೆದಿದ್ದರು. 2014ರ ಜನವರಿಯಲ್ಲಿ ಬೆಂಕಿ ಬಿದ್ದು ಮಾಲು ಸುಟ್ಟಿತು. ವಿಮಾ ಕಂಪನಿ ಕ್ಲೇಮು ತಿರಸ್ಕರಿಸಿತು. ರೈತರು ಬಿಡಲಿಲ್ಲ. ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ ದಾಟಿ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಫೆಬ್ರವರಿ 6ರಂದು ತೀರ್ಪು ರೈತರ ಪರವಾಗಿ ಬಂತು. ಆ ರೈತರ ಕೈಗೂ ಮೊದಲು ಬಂದದ್ದು ನನಗೆ ಬಂದಂಥದೇ ಒಂದು ತಿರಸ್ಕಾರದ ಪತ್ರ.

ಹಣ ಬಂದ ವಾರ ಸೀಲಿಂಗ್ ಕೆಲಸಕ್ಕೆ ಜನ ಬಂದರು. ಇಂಡಿಯ ಗೆಳೆಯ ಸಂಜೆ ಮೇಲೆ ಬಂದು ಹೊಸ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದ. ಆಮೇಲೆ ಜೇಬಿನಿಂದ ಮಡಿಚಿದ ಒಂದು ಕಾಗದ ತೆಗೆದ. ಈ ಸಲ ಅವನು ಮನೆಗೇ ವಿಮೆ ಮಾಡಿಸಿದ್ದ. “ಸಾಹೇಬ್ರ, ಗಾಳಿ ಅಂತ ಬರದದ ಏನು ನೋಡ್ರಿ” ಅಂದ. ಇಬ್ಬರೂ ಕುಳಿತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆವು. ಮಗಳು ಪಕ್ಕದಲ್ಲಿ ಹೊಸ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು.